ಮೋರೇರ ಗುಡ್ಡ, ಮಳೆ ನಕ್ಷತ್ರ ಮತ್ತು ಕಾಲದ ಲೆಕ್ಕ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ರೈತರು ಮಳೆಯ ಮಾತೆತ್ತಿದರೆ ತಾರೀಖಿಗಿಂತ ಮೊದಲು ನಕ್ಷತ್ರದ ಹೆಸರು ಬರುತ್ತದೆ. ರೋಹಿಣಿ ಕೈಕೊಟ್ಟಿತು, ಮಿರಗ ಕೂಡಿತು, ಆರಿದ್ರ ಹಿಡಿದರೆ ನೋಡೋಣ, ಹುಬ್ಬಿ-ಉತ್ತರಿಗೆ ಎರಿ ಹೊಲ ಹದವಾದರೆ ಹಿಂಗಾರಿ ಜೋಳ ಉಂಟು. ಹವಾಮಾನ ಇಲಾಖೆಯ ಮುನ್ಸೂಚನೆ ಅವರ ಮೊಬೈಲಿನಲ್ಲೇ ಇದೆ, ಅದನ್ನೂ ನೋಡುತ್ತಾರೆ. ಆದರೂ ಕೂರಿಗೆ ಕಟ್ಟುವ ತೀರ್ಮಾನದ ಹೊತ್ತಿಗೆ ಮಾತು ನಕ್ಷತ್ರಕ್ಕೇ ಹೊರಳುತ್ತದೆ. ಅದೇ ಜಿಲ್ಲೆಯ ಗಂಗಾವತಿಗೆ ಬನ್ನಿ, ಪ್ರಶ್ನೆಯೇ ಬೇರೆ: ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ? 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಭತ್ತದ ಗದ್ದೆಗಳ ಈ ಸೀಮೆಯಲ್ಲಿ ಕಾಲದ ಲೆಕ್ಕ ಆಕಾಶದಿಂದ ಜಲಾಶಯದ ಮಟ್ಟಕ್ಕೆ ಇಳಿಯಿತು. ಎರಡು ತಲೆಮಾರಿನಲ್ಲಿ, ಒಂದೇ ಜಿಲ್ಲೆಯೊಳಗೆ, ಕಾಲವನ್ನು ನೋಡುವ ಎರಡು ಬಗೆಗಳು ಬೇರೆಯಾದವು.

ವಿಶೇಷವೆಂದರೆ, ಆಕಾಶದ ಕಡೆ ನೋಡುವುದನ್ನು ಕಡಿಮೆ ಮಾಡಿದ ಗಂಗಾವತಿಯ ಮಗ್ಗುಲಲ್ಲೇ ಈ ಸೀಮೆಯ ಬಹಳ ಹಳೆಯ ಕಲ್ಲಿನ ಸಾಕ್ಷಿಗಳಿವೆ. ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದ ಹಿರೇಬೆಣಕಲ್ ಗುಡ್ಡಸಾಲು ಅದು. ಊರವರು ಮೋರೇರ ಗುಡ್ಡ, ಮೋರೇರ ತಟ್ಟೆ ಎನ್ನುತ್ತಾರೆ. ಅಲ್ಲಿ ಗಿಡ್ಡ ಜನರಾದ ಮೋರೇರು ಬದುಕಿದ್ದರು, ಈ ಕಲ್ಮನೆಗಳು ಅವರವೇ ಎಂಬ ನಂಬಿಕೆ ಇದೆ. ಸುಮಾರು 400 ಶಿಲಾರಚನೆಗಳು ಅಲ್ಲಿ ನಿಂತಿವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದವು ಕೆಲವು, ನಾಲ್ಕೂ ಕಡೆ ಮುಚ್ಚಿ ಒಂದು ಗೋಡೆಯಲ್ಲಿ ಗುಂಡನೆಯ ಕಿಂಡಿ ಕೊರೆದವು ಕೆಲವು. ಚಪ್ಪಡಿ ಎಬ್ಬಿಸಿದ ಜಾಗದಲ್ಲೇ ನೀರು ನಿಂತು ಕೆರೆಯಾಗಿದೆ. ಹತ್ತಿರದ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಕೈ ಹಿಡಿದು ಕುಣಿಯುವವರು, ಬೇಟೆಗಾರರು, ಜಿಂಕೆ, ಕುದುರೆ. ಎತ್ತರದ ಬಂಡೆಯೊಂದರ ಮೇಲೆ ಅರ್ಧಗೋಳಾಕಾರದ ಕಲ್ಲಿನ ನಗಾರಿ ಕೂತಿದೆ. ಬಡಿದರೆ ಅದರ ನಾದ ಗುಡ್ಡದ ತಪ್ಪಲಿನವರೆಗೂ ಕೇಳುತ್ತದೆ.

ಈ ತಾಣವನ್ನು ಹೊರಜಗತ್ತಿಗೆ ಮೊದಲು ವಿವರಿಸಿದವನು ನಿಜಾಮರ ಸೇವೆಯಲ್ಲಿದ್ದ, ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್. ಬಳಿಕ ನಮ್ಮವರೇ ಆದ ಅ. ಸುಂದರ ಅವರು ದಕ್ಷಿಣ ಭಾರತದ ಕಲ್ಕೋಣೆ ಸಮಾಧಿಗಳ ಬಗೆಗಿನ 1975ರ ಗ್ರಂಥದಲ್ಲಿ ಇಂಥ ರಚನೆಗಳನ್ನು ವ್ಯವಸ್ಥಿತವಾಗಿ ವಿಂಗಡಿಸಿದರು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ವಿದ್ವಾಂಸರು ಇದರ ಮುಖ್ಯ ಕಾಲವನ್ನು ಕ್ರಿಸ್ತಪೂರ್ವ 800ರಿಂದ 200ರ ಸುಮಾರಿಗೆ ಇಡುತ್ತಾರೆ. ಕಬ್ಬಿಣ ಬಲ್ಲ, ದನ ಸಾಕುವ, ಬಿತ್ತಿ ಬೆಳೆಯುವ ಜನರ ಕಾಲ ಅದು.

ಹಿರೇಬೆಣಕಲ್ಲನ್ನು ಪ್ರಾಚೀನ ಖಗೋಳ ವೀಕ್ಷಣಾಲಯ ಎಂದು ಕರೆಯುವ ಉತ್ಸಾಹ ಆಗಾಗ ಕಾಣುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಅವು ಸತ್ತವರ ನೆನಪಿಗೆ ಬದುಕಿದ್ದವರು ಕಟ್ಟಿದ ಮನೆಗಳು. ಆ ಗೌರವವೇ ಅವಕ್ಕೆ ಸಾಕು, ಅದರ ಮೇಲೆ ವಿಜ್ಞಾನದ ಬಿರುದು ಬೇಕಿಲ್ಲ. ಆದರೆ ಅವನ್ನು ಕಟ್ಟಿದವರು ಆಕಾಶ ನೋಡಿ ಕಾಲ ಎಣಿಸುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದೂ ನಾಲ್ಕೈದು ತಿಂಗಳಲ್ಲೇ ಮುಗಿದುಹೋಗುವ ನಾಡಿದು. ಮೊದಲ ಮಳೆ ನಂಬಿ ಹದಿನೈದು ದಿನ ಮುಂಚೆ ಬಿತ್ತಿದರೆ ಬೀಜ ಸುಟ್ಟುಹೋಗುತ್ತದೆ, ಹದಿನೈದು ದಿನ ತಡವಾದರೆ ತೆನೆ ಕಟ್ಟುವ ಹೊತ್ತಿಗೆ ತೇವ ಇರುವುದಿಲ್ಲ. ಇಂಥ ನೆಲದಲ್ಲಿ ನೂರಾರು ವರ್ಷ ಬಾಳಿದವರಿಗೆ ಋತು ತಿಳಿಯುವ ದಾರಿ ಇದ್ದೇ ಇರಬೇಕು. ಆ ದಾರಿ ತಲೆಯ ಮೇಲೆ ಮಾತ್ರ ಇತ್ತು.

ಉಪಕರಣವಿಲ್ಲದೆ ಕಾಲ ಅಳೆಯುವುದು ಹೇಗೆ? ಮೊದಲು ಸೂರ್ಯ. ಒಂದೇ ಬಂಡೆಯ ಮೇಲೆ ಕೂತು ವರ್ಷವಿಡೀ ಸೂರ್ಯೋದಯ ನೋಡಿದರೆ, ಹುಟ್ಟುವ ಜಾಗ ಪೂರ್ವದ ಆಚೆ ಈಚೆ ಸರಿಯುತ್ತದೆ. ಗಂಗಾವತಿಯ ಅಕ್ಷಾಂಶದಲ್ಲಿ ಜೂನ್ 21ರ ಸುಮಾರಿಗೆ ಅದು ನೇರ ಪೂರ್ವದಿಂದ ಉತ್ತರಕ್ಕೆ 24 ಡಿಗ್ರಿಗೂ ತುಸು ಹೆಚ್ಚು, ಡಿಸೆಂಬರ್ 21ರ ಸುಮಾರಿಗೆ ದಕ್ಷಿಣಕ್ಕೆ ಅಷ್ಟೇ. ತೋಳು ನೀಡಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು 10 ಡಿಗ್ರಿ ಮುಚ್ಚುತ್ತದೆ, ಅಂದರೆ ಇಡೀ ವರ್ಷದ ಸೂರ್ಯಸಂಚಾರ ಐದು ಮುಷ್ಟಿಯ ಅಗಲ. ಗುಡ್ಡದ ಯಾವ ನೆತ್ತಿ, ಯಾವ ಕಣಿವೆ, ಯಾವ ಬಂಡೆಯ ಸಂದಿಯಲ್ಲಿ ಸೂರ್ಯ ಎದ್ದ ಎಂದು ಗುರುತಿಟ್ಟುಕೊಂಡರೆ ಕ್ಷಿತಿಜವೇ ಪಂಚಾಂಗವಾಗುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಸೂರ್ಯ ಹುಟ್ಟುವ ಜಾಗ ದಿನಕ್ಕೆ ಹತ್ತಿರ ಹತ್ತಿರ ಸೂರ್ಯಬಿಂಬದ ಮುಕ್ಕಾಲು ಅಗಲದಷ್ಟು ಸರಿಯುತ್ತದೆ. ಒಂದು ದಿನದ ವ್ಯತ್ಯಾಸವೂ ಬರಿಗಣ್ಣಿಗೆ ಸಿಗುತ್ತದೆ. ಜೂನ್, ಡಿಸೆಂಬರಿನ ತುದಿಗಳಲ್ಲಿ ಮಾತ್ರ ಅದು ವಾರಗಟ್ಟಲೆ ನಿಂತಂತೆ ಕಾಣುತ್ತದೆ. ಆಗ ತುದಿ ಮುಟ್ಟುವ ಮುಂಚಿನ ಒಂದು ಗುರುತು, ಹಿಂದಿರುಗಿ ಅದೇ ಗುರುತಿಗೆ ಬಂದ ದಿನ, ಇವೆರಡರ ನಡುವಿನ ದಿನಗಳನ್ನು ಎಣಿಸಿ ಅರ್ಧಮಾಡಬೇಕು.

ನೆರಳಿನ ದಾರಿಯೂ ಇದೆ. ಕೊಪ್ಪಳ ಕರ್ಕಾಟಕ ವೃತ್ತದ ಒಳಗಿನ ಊರಾದ್ದರಿಂದ ವರ್ಷಕ್ಕೆ ಎರಡು ಸಲ ಮಧ್ಯಾಹ್ನದ ಸೂರ್ಯ ನೆತ್ತಿಗೇ ಬರುತ್ತಾನೆ. ಮೇ 2-3ರ ಆಸುಪಾಸು ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಇನ್ನೊಮ್ಮೆ. ಆ ಹೊತ್ತಿಗೆ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಉತ್ತರಕ್ಕಿರುವ ಕುಷ್ಟಗಿಯಲ್ಲಿ ಮೇ ತಿಂಗಳಲ್ಲಿ ಇದು ಕೊಪ್ಪಳಕ್ಕಿಂತ ಒಂದು ದಿನದಷ್ಟು ತಡವಾಗಿ ಆಗುತ್ತದೆ. ಬೇಸಗೆಯ ನಟ್ಟನಡುವೆ ಬರುವ ಆ ನೆರಳಿಲ್ಲದ ಮಧ್ಯಾಹ್ನ, ಮುಂಗಾರಿಗೆ ಇನ್ನೊಂದು ತಿಂಗಳಿದೆ ಎಂಬುದಕ್ಕೆ ಒಳ್ಳೆಯ ಗುರುತು.

ಚಂದ್ರನ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಸೀಮೆಯ ಹಬ್ಬಗಳು ಇವತ್ತಿಗೂ ಹುಣ್ಣಿಮೆ-ಅಮಾವಾಸ್ಯೆಗಳೇ: ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಶೀಗಿಹುಣ್ಣಿಮೆ, ಎಳ್ಳ ಅಮಾವಾಸ್ಯೆ. ಆದರೆ ಚಂದ್ರನ 12 ತಿಂಗಳು 354 ದಿನಕ್ಕೆ ಮುಗಿಯುತ್ತವೆ, ವರ್ಷಕ್ಕೆ 11 ದಿನ ಕಡಿಮೆ. ಚಂದ್ರನನ್ನಷ್ಟೇ ನಂಬಿದರೆ ಹದಿನಾರು ವರ್ಷದಲ್ಲಿ ಕಾರಹುಣ್ಣಿಮೆ ಚಳಿಗಾಲಕ್ಕೆ ಬಂದುಬಿಡುತ್ತದೆ. ಹಾಗಾಗದಂತೆ ತಡೆಯುವುದು ನಕ್ಷತ್ರ. ಹುಣ್ಣಿಮೆಯ ಚಂದ್ರ ಯಾವ ತಾರೆಯ ಹತ್ತಿರ ನಿಂತಿದ್ದಾನೆ ಎಂದು ನೋಡಿ ತಿಂಗಳನ್ನು ಗುರುತಿಸುವುದು, ಹೊಂದದಿದ್ದಾಗ ಒಂದು ಅಧಿಕ ಮಾಸ ಸೇರಿಸುವುದು. ಪುಷ್ಯ ಮಾಸದ ಬಹುಳ ಪಕ್ಷದಲ್ಲಿ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತಾರೀಖು ಪ್ರತಿ ವರ್ಷ ಹಿಂದೆ ಮುಂದೆ ಆಗುವುದೂ, ಆದರೂ ಅದು ಚಳಿಗಾಲ ಬಿಟ್ಟು ಆಚೆ ಹೋಗದಿರುವುದೂ ಈ ಹೊಂದಾಣಿಕೆಯಿಂದಲೇ.

ಈಗ ನಕ್ಷತ್ರದ ವಿಷಯಕ್ಕೇ ಬರೋಣ. ಮಳೆ ನಕ್ಷತ್ರ ಎಂದರೆ ಸೂರ್ಯ ಆಗ ಇರುವ ನಕ್ಷತ್ರ. ವರ್ಷವನ್ನು 27 ಪಾಲು ಮಾಡಿದರೆ ಒಂದೊಂದು ಮಳೆಗೆ 13 ಅಥವಾ 14 ದಿನ. ಇದರಲ್ಲೊಂದು ತೊಡಕಿದೆ. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ನಕ್ಷತ್ರ ಕಾಣುವುದೇ ಇಲ್ಲ, ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಪಂಚಾಂಗದ ಗಣಿತ ಹುಟ್ಟುವ ಮೊದಲು ಜನ ನೋಡುತ್ತಿದ್ದದ್ದು ಬೇರೆಯದನ್ನು: ಒಂದು ತಾರೆ ಸಂಜೆ ಪಡುವಣದಲ್ಲಿ ಕೊನೆಯ ಸಲ ಕಂಡು ಮರೆಯಾಗುವ ದಿನ, ಮತ್ತೆ ಬೆಳಗಿನ ಜಾವ ಮೂಡಣದಲ್ಲಿ ಮೊದಲ ಸಲ ಕಾಣಿಸುವ ದಿನ. ಕೃತ್ತಿಕೆಯ ಗೊಂಚಲು ಇದಕ್ಕೆ ಹೇಳಿಮಾಡಿಸಿದ್ದು. ಏಪ್ರಿಲ್ ಕೊನೆಗೆ ಸಂಜೆಯ ಬೆಳಕಿನಲ್ಲಿ ಮರೆಯಾಗುವ ಅದು ಒಂದು ತಿಂಗಳಿಗೂ ಮೀರಿ ಕಾಣದೆ, ಜೂನ್ ಮೊದಲ ಅಥವಾ ಎರಡನೆಯ ವಾರದಲ್ಲಿ ಸೂರ್ಯೋದಯಕ್ಕೆ ಮುಂಚೆ ಪೂರ್ವದ ಅಂಚಿನಲ್ಲಿ ಮತ್ತೆ ಹೊಮ್ಮುತ್ತದೆ. ಹಿರೇಬೆಣಕಲ್ಲಿನಲ್ಲಿ ಕಲ್ಮನೆಗಳು ಏಳುತ್ತಿದ್ದ ಶತಮಾನಗಳಲ್ಲೇ, ಕ್ರಿಸ್ತಪೂರ್ವ 700ರ ಸುಮಾರಿಗೆ, ಗ್ರೀಸಿನ ಹೆಸಿಯಡ್ ಎಂಬ ಕವಿ ರೈತರಿಗೆ ಇದೇ ಗೊಂಚಲನ್ನು ತೋರಿಸಿದ್ದ: ಇದು ಬೆಳಗಿನ ಜಾವ ಮೂಡಿದಾಗ ಕೊಯ್ಲು, ಮುಳುಗಿದಾಗ ಉಳುಮೆ, ಮೂಡುವ ಮುಂಚೆ ನಲವತ್ತು ದಿನ ಮರೆ. ನಮ್ಮ ಕಾಲಕ್ಕೆ ಬಂದರೆ, ಸಂಶೋಧಕರಾದ ಮಯಾಂಕ್ ವಾಹಿಯಾ ಮತ್ತು ಗಣೇಶ್ ಹಲ್ಕಾರೆ ವಿದರ್ಭದ ಗೊಂಡರ ನಡುವೆ ಓಡಾಡಿ ದಾಖಲಿಸಿದ ಪ್ರಕಾರ, ನಾವು ಮೃಗಶಿರದ ಸುತ್ತ ನೋಡುವ ಮೂರು ಸಾಲುಚುಕ್ಕಿಗಳಲ್ಲಿ ಅವರು ನೇಗಿಲನ್ನು ಕಾಣುತ್ತಾರೆ. ಹೊಲದ ಕೆಲಸ ಮಾಡುವವರ ಆಕಾಶದಲ್ಲಿ ಹೊಲದ ಸಾಮಾನೇ ಇರುವುದು ಸಹಜ.

ಇಷ್ಟಾದ ಮೇಲೆ ನಾವು ಸಾಮಾನ್ಯವಾಗಿ ತಪ್ಪು ತಿಳಿಯುವ ಒಂದು ಮಾತು ಹೇಳಬೇಕು. ಮಳೆ ನಕ್ಷತ್ರದ ಜ್ಞಾನ ಸಾವಿರಾರು ವರ್ಷಗಳಿಂದ ಹೀಗೇ ಬಂದಿದೆ ಎಂದು ಅಭಿಮಾನದಿಂದ ಹೇಳುತ್ತೇವೆ. ಹೀಗೇ ಬಂದಿರಲು ಸಾಧ್ಯವಿಲ್ಲ. ಭೂಮಿಯ ಅಕ್ಷ, ವೇಗ ತಗ್ಗಿದ ಬುಗುರಿಯ ಹಾಗೆ, ಬಹಳ ನಿಧಾನವಾಗಿ ವಾಲಾಡುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಇದರಿಂದ ನಕ್ಷತ್ರಗಳಿಗೂ ಋತುಗಳಿಗೂ ಇರುವ ನಂಟು ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಜಾರುತ್ತದೆ. ಮುಂಗಾರು ಸೂರ್ಯನ ಕಾವಿಗೆ ಕಟ್ಟುಬಿದ್ದದ್ದು, ಅದು ನಕ್ಷತ್ರದ ಜೊತೆ ಜಾರುವುದಿಲ್ಲ. ಇಂದು ಜೂನ್ 8ರ ಸುಮಾರಿಗೆ ಕೂಡುವ ಮಿರಗ, 1500 ವರ್ಷಗಳ ಹಿಂದೆ ಋತುವಿನ ಲೆಕ್ಕದಲ್ಲಿ ಮೇ ತಿಂಗಳ ಮೂರನೆಯ ವಾರಕ್ಕೇ ಕೂಡುತ್ತಿತ್ತು. ಕ್ರಿಸ್ತಪೂರ್ವ 800ರ ಲೆಕ್ಕ ಹಿಡಿದರೆ ವ್ಯತ್ಯಾಸ ಸುಮಾರು 40 ದಿನ. ಮೋರೇರ ಗುಡ್ಡದ ಜನ ಕೃತ್ತಿಕೆಯನ್ನು ಬೆಳಗಿನ ಜಾವ ಮೊದಲು ಕಂಡದ್ದು ಇಂದಿನ ಏಪ್ರಿಲ್ ಕೊನೆಯ ಬೇಸಗೆಯಲ್ಲಿ, ಮಳೆಗೆ ಇನ್ನೂ ಐದಾರು ವಾರ ಇರುವಾಗ. ಅವರಿಗೆ ಅದು ಹೊಲ ಹಸನು ಮಾಡುವ ಗುರುತಾಗಿರಬಹುದು, ಬಿತ್ತುವ ಗುರುತಂತೂ ಅಲ್ಲ.

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹಾಗಾದರೆ ಎಷ್ಟು ಹಳೆಯದು? ಇಂದು ರೋಹಿಣಿ ಕೂಡುವುದು ಮೇ 25ರ ಸುಮಾರಿಗೆ. ಒಂದೂವರೆ ಸಾವಿರ ವರ್ಷದ ಹಿಂದೆ ಅದು ಮೇ ಮೊದಲ ವಾರದ ಸುಡುಬಿಸಿಲಿಗೆ ಬೀಳುತ್ತಿತ್ತು. ಆಗ ಆ ಗಾದೆಗೆ ಅರ್ಥವಿರುತ್ತಿರಲಿಲ್ಲ. ನಕ್ಷತ್ರದ ಹೆಸರು ಹಳೆಯದು, ಅದಕ್ಕೆ ಬೆಳೆಯನ್ನು ಹೊಂದಿಸಿದ ಮಾತು ಹತ್ತಿರದ ಶತಮಾನಗಳದು. ಎಂದರೆ, ನಮ್ಮ ಹಿರಿಯರು ಬಂದದ್ದನ್ನು ಬಂದಂತೆ ಒಪ್ಪಿಕೊಂಡು ಕೂರಲಿಲ್ಲ. ಹಳೆಯ ಹೊಂದಿಕೆ ಕೈಕೊಟ್ಟಾಗ ಮತ್ತೆ ಮುಗಿಲು ನೋಡಿದರು, ಮತ್ತೆ ಹೊಲ ನೋಡಿದರು, ಮಾತನ್ನು ತಿದ್ದಿದರು. ಅವರ ನಿಜವಾದ ಜಾಣತನ ಇದು. ಗಾದೆಯನ್ನು ಉಳಿಸಿಕೊಂಡು ನೋಡುವುದನ್ನು ಬಿಟ್ಟವರು ನಾವು.

ಧ್ರುವತಾರೆಯ ಕಥೆಯೂ ಇಂಥದ್ದೇ. ಕೊಪ್ಪಳದಲ್ಲಿ ಧ್ರುವ ಬಿಂದು ಕ್ಷಿತಿಜದಿಂದ ಸುಮಾರು 15 ಡಿಗ್ರಿ ಎತ್ತರದಲ್ಲಿ, ಒಂದೂವರೆ ಮುಷ್ಟಿಯ ಮೇಲಿದೆ. ಇಂದು ಅಲ್ಲೇ ನಿಂತಂತೆ ಕಾಣುವ ತಾರೆ ಕ್ರಿಸ್ತಪೂರ್ವ 800ರಲ್ಲಿ ಧ್ರುವದಿಂದ 16 ಡಿಗ್ರಿಯಷ್ಟು ದೂರದಲ್ಲಿ ಸುತ್ತುತ್ತಿತ್ತು. ಆ ಗುಡ್ಡದಿಂದ ನೋಡಿದವರಿಗೆ ಪ್ರತಿ ಸುತ್ತಿನಲ್ಲೂ ಅದು ಉತ್ತರದ ಕ್ಷಿತಿಜಕ್ಕೆ ಇಳಿದು ಮರೆಯಾಗುತ್ತಿತ್ತು. ಉತ್ತರ ದಿಕ್ಕು ತೋರಲು ನಂಬಬಹುದಾದ ಒಂಟಿ ತಾರೆ ಅವರಿಗಿರಲಿಲ್ಲ.

ಸೂರ್ಯ ಮಾತ್ರ ಹಾಗೆ ಕೈಬಿಡುವುದಿಲ್ಲ. 2800 ವರ್ಷಗಳಲ್ಲಿ ಅಯನದ, ಅಂದರೆ ಜೂನ್-ಡಿಸೆಂಬರ್ ತುದಿಗಳ, ಸೂರ್ಯೋದಯದ ಜಾಗ ಅರ್ಧ ಡಿಗ್ರಿಗಿಂತ ಕಡಿಮೆ, ಸೂರ್ಯಬಿಂಬದ ಒಂದು ಅಗಲಕ್ಕಿಂತ ಕಡಿಮೆ ಬದಲಾಗಿದೆ. ಆದ್ದರಿಂದ ಸೂರ್ಯನಿಗೆ ಹೊಂದಿಸಿ ನೆಟ್ಟ ಕಲ್ಲು ಇದ್ದರೆ ಇವತ್ತೂ ಪರೀಕ್ಷಿಸಬಹುದು. ಅಂಥ ಪರೀಕ್ಷೆ ಕರ್ನಾಟಕದಲ್ಲಿ ನಡೆದಿದೆ. ಯಾದಗಿರಿ ಜಿಲ್ಲೆಯ ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ದುಂಡು ಬಂಡೆಗಳನ್ನು ಸಾಲು ಸಾಲಾಗಿ ಇಟ್ಟ ಬಯಲಿದೆ. ಇದನ್ನೂ ಮೆಡೋಸ್ ಟೇಲರ್ ವಿವರಿಸಿದ್ದ. 1956ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಇಂಥ ಶಿಲಾಸಾಲುಗಳ ಬಗ್ಗೆ ಬರೆದರು. ಇವುಗಳಲ್ಲಿ ದೊಡ್ಡದು ಹನುಮಸಾಗರದ್ದು. ನಮ್ಮ ಓದುಗರು ಇದನ್ನು ಕುಷ್ಟಗಿ ತಾಲ್ಲೂಕಿನ ಹನುಮಸಾಗರ ಎಂದುಕೊಳ್ಳಬಾರದು. ಇದು ಇನ್ನೂ ಉತ್ತರಕ್ಕೆ, ಕೃಷ್ಣಾ ನದಿಯಿಂದ ದಕ್ಷಿಣಕ್ಕೆ ಸುಮಾರು 6 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಹತ್ತಿರ ಹತ್ತಿರ 600 ಮೀಟರ್ ಬದಿಯ ಚೌಕದಲ್ಲಿ 50 ಅಡ್ಡಸಾಲು, 50 ಉದ್ದಸಾಲು, ಕಲ್ಲಿನಿಂದ ಕಲ್ಲಿಗೆ ಸುಮಾರು 12 ಮೀಟರ್ ಅಂತರ, ಒಟ್ಟು ಸುಮಾರು 2500 ಕಲ್ಲು. ಸಾಲುಗಳು ದಿಕ್ಕಿಗೆ ಸರಿಯಾಗಿವೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರು, ನಡುವಿನ ಕಟ್ಟೆಯಿಂದ ನೋಡಿ ಅಯನದ ದಿಕ್ಕುಗಳನ್ನು ನಿಗದಿಮಾಡಬಹುದು ಎಂದು ವಾದಿಸಿದರು. ಅದಕ್ಕೂ ಮುಂಚೆ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಲ್ಲುವೃತ್ತಗಳಲ್ಲೂ ರಾವ್ ಅವರು ಇಂಥದ್ದೇ ದಿಕ್ಸಾಲುಗಳನ್ನು ತೋರಿಸಿದ್ದರು.

2500 ಕಲ್ಲುಗಳ ನಡುವೆ ಯಾವ ದಿಕ್ಕಿಗೆ ಬೇಕಾದರೂ ಒಂದು ಗೆರೆ ಎಳೆಯಬಹುದಲ್ಲ? ಈ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ಒಂದೇ ತಾಣದಲ್ಲಿ ಸಿಗುವುದಿಲ್ಲ, ಬೇರೆ ಬೇರೆ ತಾಣಗಳಲ್ಲಿ ಅದೇ ಮಾದರಿ ಮರುಕಳಿಸಬೇಕು. ಸಂಶೋಧಕ ಶ್ರೀಕುಮಾರ್ ಮೆನನ್ ಮತ್ತು ವಾಹಿಯಾ ಮಾಡಿದ್ದು ಆ ಕೆಲಸ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್ಕಲ್, ಬೈಸೆಗಳಲ್ಲಿ ನಿಂತ ನಿಲಸುಗಲ್ಲುಗಳನ್ನು ಅಳೆದು, ಜೋಡಿ ಜೋಡಿ ಕಲ್ಲುಗಳ ಗೆರೆ ಅಯನದ ಸೂರ್ಯೋದಯ, ಸೂರ್ಯಾಸ್ತಗಳ ಕಡೆಗೆ ಹೋಗುವುದನ್ನು ಅವರು ಒಂದಕ್ಕಿಂತ ಹೆಚ್ಚು ತಾಣದಲ್ಲಿ ತೋರಿಸಿದರು. ನನಗೆ ಇದು ಹೆಚ್ಚು ನೆಚ್ಚತಕ್ಕ ಸಾಕ್ಷಿ ಎನಿಸುತ್ತದೆ.

ಇನ್ನೂ ಹಿಂದಿನ ನವಶಿಲಾಯುಗದ ದನಗಾಹಿಗಳೂ ಕಾಲ ಎಣಿಸಿದ್ದಿರಬಹುದು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ಸೆಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿಯಿಟ್ಟದ್ದರಿಂದ ಆದವು ಎಂದು ತೋರಿಸಿದ ಆಲ್ಚಿನ್, ಆ ಬೆಂಕಿ ಋತುಹಬ್ಬಗಳದ್ದಿರಬೇಕು ಎಂದು 1963ರ ಗ್ರಂಥದಲ್ಲಿ ಸಂಕ್ರಾಂತಿ, ಹೋಳಿ, ದೀಪಾವಳಿಗಳನ್ನು ನೆನೆದರು. ದೀಪಾವಳಿಗೆ ಸೆಗಣಿಯ ಹಟ್ಟೆವ್ವನನ್ನು ಮಾಡಿ ಪೂಜಿಸುವ ನಮ್ಮ ಕಡೆಯವರಿಗೆ ಇದು ದೂರದ ಮಾತೇನಲ್ಲ.

ಬರಹದ ಕಾಲಕ್ಕೆ ಬಂದರೆ ಕೊಪ್ಪಳದಲ್ಲೇ ಸಾಕ್ಷಿ ಇದೆ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನಗಳು, ತಾನು ಎರಡೂವರೆ ವರ್ಷಕ್ಕೂ ಮೀರಿ ಉಪಾಸಕನಾಗಿದ್ದೇನೆ ಎಂದು ಕಾಲ ಎಣಿಸಿಯೇ ಮಾತಿಗಿಳಿಯುತ್ತವೆ. ಅದೇ ಅಶೋಕ ಉತ್ತರದ ಸ್ತಂಭಶಾಸನಗಳಲ್ಲಿ ತಿಷ್ಯ, ಪುನರ್ವಸು ನಕ್ಷತ್ರಗಳ ದಿನ ಪಶುಗಳಿಗೆ ಬರೆ ಹಾಕಬಾರದೆಂದು ಆಜ್ಞಾಪಿಸಿದ. ಹಿರೇಬೆಣಕಲ್ಲಿನ ಕೊನೆಯ ಕಲ್ಮನೆಗಳ ಕಾಲಕ್ಕೆ ನಕ್ಷತ್ರ ರಾಜಾಜ್ಞೆಯೊಳಗೂ ಬಂದಿತ್ತು. ಮುಂದೆ 1112ರ ಇಟಗಿಯ ಮಹಾದೇವ ದೇವಾಲಯದ ಹೊತ್ತಿಗೆ ಕನ್ನಡ ಶಾಸನಗಳು ತಿಥಿ, ವಾರ, ಸಂಕ್ರಮಣ, ಗ್ರಹಣಗಳನ್ನು ಸಲೀಸಾಗಿ ಬರೆಯುತ್ತಿದ್ದವು.

ಈಗ ಮೋರೇರ ಗುಡ್ಡದ ಕಲ್ಮನೆಗಳಿಗೆ ನಿಧಿಗಳ್ಳರ ಕಾಟವಿದೆ. ಗಿಣಿಗೇರಿಯ ಕಾರ್ಖಾನೆಗಳ ಬೆಳಕು, ಕುಷ್ಟಗಿ-ಯಲಬುರ್ಗಾದ ಗಾಳಿಯಂತ್ರಗಳ ಕೆಂಪು ದೀಪಗಳು ರಾತ್ರಿಯ ಮುಗಿಲನ್ನು ವರ್ಷವರ್ಷವೂ ಮಸುಕು ಮಾಡುತ್ತಿವೆ. ಉದ್ಯಮ ಬೇಡವೆನ್ನಲಾರೆ, ಆದರೆ ದೀಪಕ್ಕೆ ಮರೆ ಕಟ್ಟಿ ಬೆಳಕನ್ನು ನೆಲಕ್ಕೆ ತಿರುಗಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಾಲೇಜುಗಳ ಇತಿಹಾಸ ಮತ್ತು ಭೌತಶಾಸ್ತ್ರದ ಅಧ್ಯಾಪಕರು ಸೇರಿ, ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು, ಹಿರೇಬೆಣಕಲ್ಲಿನ ಒಂದೊಂದು ಕಿಂಡಿಯ ದಿಕ್ಕನ್ನೂ ಅಳೆದು ಪ್ರಕಟಿಸಲಿ. ಕಲ್ಲು ಮುಟ್ಟಬೇಕಿಲ್ಲ, ಒಂದು ದಿಕ್ಸೂಚಿ ಮತ್ತು ತಾಳ್ಮೆ ಸಾಕು. ಶಾಲೆಗಳ ಮೇಷ್ಟ್ರುಗಳು ಮೇ ಮೊದಲ ವಾರ ಅಂಗಳದಲ್ಲಿ ಕಂಬ ನೆಟ್ಟು ನೆರಳಿಲ್ಲದ ದಿನವನ್ನು ಮಕ್ಕಳಿಗೆ ತೋರಿಸಲಿ. ಉಳಿದವರು ಈ ಡಿಸೆಂಬರ್ 21ರಿಂದ ಶುರುಮಾಡಿ ನಿಮ್ಮ ಮಾಳಿಗೆಯ ಒಂದೇ ಮೂಲೆಯಲ್ಲಿ ನಿಂತು, ಸೂರ್ಯ ಯಾವ ಗಿಡ, ಯಾವ ಗುಡ್ಡದ ಹಿಂದಿನಿಂದ ಎದ್ದ ಎಂದು ವಾರಕ್ಕೊಮ್ಮೆ ಬರೆದಿಡಿ. ಜೂನ್ ಎರಡನೆಯ ವಾರ ಮೋಡ ಬಿಟ್ಟುಕೊಟ್ಟ ಒಂದು ಬೆಳಗಿನ ಜಾವ, ಐದು ಗಂಟೆಗೂ ಮುಂಚೆ ಎದ್ದು ಪೂರ್ವದಲ್ಲಿ ಕೃತ್ತಿಕೆಯನ್ನು ಹುಡುಕಿ. ಕಂಡ ತಾರೀಖನ್ನು ಆ ವರ್ಷದ ಮೊದಲ ಹದಮಳೆಯ ತಾರೀಖಿನ ಪಕ್ಕದಲ್ಲಿ ಬರೆಯಿರಿ, ಪ್ರತಿ ವರ್ಷ ಬರೆಯಿರಿ.